ಮಾನಿಟರಾ, ಟಿವಿನಾ, ಇಲ್ಲಾ ಎರಡೂನಾ? ಮನೆಯ ಕಂಪ್ಯೂಟರಿಗೆ ಪರದೆ ಆರಿಸುವ ಬಗೆ

ಹೊಸ ಕಂಪ್ಯೂಟರ್ ತರುವಾಗ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಅಂತ ವಾರಗಟ್ಟಲೆ ವಿಚಾರಿಸುತ್ತಾರೆ. ಪರದೆಯ ಮಾತು ಬರುವುದು ಕೊನೆಗೆ, ಜೇಬು ಅರ್ಧ ಖಾಲಿಯಾದ ಮೇಲೆ. ಆದರೆ ದಿನವಿಡೀ ಕಣ್ಣಿಟ್ಟು ಕೂರುವುದು ಆ ಪರದೆಯ ಮುಂದೆಯೇ ಅಲ್ವಾ? ಪ್ರೊಸೆಸರ್ ಸ್ವಲ್ಪ ನಿಧಾನವಾದರೆ ತಡೆದುಕೊಳ್ಳಬಹುದು. ಪರದೆ ಸರಿ ಇಲ್ಲದಿದ್ದರೆ ಸಂಜೆ ಹೊತ್ತಿಗೆ ಕಣ್ಣುರಿ, ಕತ್ತುನೋವು.

ಈ ಹಂತದಲ್ಲಿ ಜನ ಕೇಳುವುದು ಹೆಚ್ಚಾಗಿ ಎರಡೇ ಪ್ರಶ್ನೆ. "24 ಇಂಚಿನ ಮಾನಿಟರಿಗೆ ಕೊಡೋ ದುಡ್ಡಿಗೆ 32 ಇಂಚಿನ ಟಿವಿನೇ ಬರುತ್ತೆ, ಅದನ್ನೇ ತಗೊಂಡ್ರೆ ಎರಡಕ್ಕೂ ಆಗಲ್ವಾ?" ಇದು ಒಂದು. "ಹಾಲ್‌ನಲ್ಲಿ ಟಿವಿ ಇದ್ದೇ ಇದೆ, ಒಂದು ಕೇಬಲ್ ಹಾಕಿಬಿಟ್ರೆ ಸಾಲದಾ?" ಇದು ಇನ್ನೊಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಕೆಲವರಿಗೆ ಉತ್ತರ ಹೌದು, ಹಲವರಿಗೆ ಇಲ್ಲ. ನೀವು ಯಾವ ಕಡೆ ಬರುತ್ತೀರಿ ಅನ್ನುವುದನ್ನು ತಿಳಿಯಲು ಕೆಲವು ಅಳತೆಗಳು ಬೇಕು. ಮೊದಲು ಅವನ್ನು ನೋಡೋಣ, ಆಮೇಲೆ ಒಂದೊಂದೇ ಆಯ್ಕೆಗೆ ಬರೋಣ.

ಮೊದಲು ದೂರ ಅಳೆಯಿರಿ

ಟೇಪ್ ತಗೊಂಡು, ನೀವು ಕೂರುವ ಜಾಗದಿಂದ ಪರದೆ ಇಡುವ ಜಾಗಕ್ಕೆ ಎಷ್ಟಿದೆ ಅಂತ ಅಳೆದುಬಿಡಿ. ಮಾಮೂಲಿ ಕಂಪ್ಯೂಟರ್ ಟೇಬಲ್ಲಿನ ಅಗಲ ಎರಡು ಅಡಿ. ಕಣ್ಣಿಗೂ ಪರದೆಗೂ ಎರಡು, ಹೆಚ್ಚೆಂದರೆ ಎರಡೂವರೆ ಅಡಿ ಅಂತರ. ಕೈ ಚಾಚಿದರೆ ಬೆರಳು ಪರದೆಗೆ ತಾಗುವಷ್ಟು. ಸೋಫಾದಿಂದ ಗೋಡೆಯ ಟಿವಿಗೆ ಏಳೆಂಟು ಅಡಿ. ಮಾನಿಟರ್ ತಯಾರಾಗುವುದು ಮೊದಲನೆಯ ದೂರಕ್ಕೆ, ಟಿವಿ ತಯಾರಾಗುವುದು ಎರಡನೆಯದಕ್ಕೆ. ಮುಂದೆ ಬರುವ ತೊಂದರೆಗಳಲ್ಲಿ ಬಹುಪಾಲು ಇವನ್ನು ಅದಲುಬದಲು ಮಾಡಿದಾಗ ಹುಟ್ಟುವಂಥವು.

ಪರದೆಯ ಅಗಲವನ್ನೂ ನೋಡಿ. 24 ಇಂಚು ಅಂದರೆ ಮೂಲೆಯಿಂದ ಮೂಲೆಗೆ. ಅಡ್ಡಡ್ಡ ಅಳೆದರೆ ಸುಮಾರು 53 ಸೆಂಟಿಮೀಟರ್. 27 ಇಂಚಿನದು 60, 32 ಇಂಚಿನದು 71. 43 ಇಂಚಿನ ಟಿವಿ 95 ಸೆಂಟಿಮೀಟರ್, ಅಂದರೆ ಮೂರಡಿಗೂ ಜಾಸ್ತಿ. ಎರಡಡಿ ದೂರದಲ್ಲಿ ಕೂತು ಮೂರಡಿ ಅಗಲದ ಪರದೆ ನೋಡಿದರೆ, ಎಡ ಮೂಲೆಯಿಂದ ಬಲ ಮೂಲೆಗೆ ಬರೀ ಕಣ್ಣು ತಿರುಗಿದರೆ ಸಾಲದು, ಕತ್ತೇ ತಿರುಗಬೇಕು. ಒಂದು ಗಂಟೆಗೆ ಪರವಾಗಿಲ್ಲ, ಎಂಟು ಗಂಟೆಗೆ ಆಗದು.

ಅಕ್ಷರ ಎಷ್ಟು ಚೊಕ್ಕ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದು. ಅಂಗಡಿಯಲ್ಲಿ ಯಾರೂ ಹೇಳದೆ ಬಿಡುವುದೂ ಇದನ್ನೇ.

ಪರದೆ ದೊಡ್ಡದಾದರೆ ಅದರಲ್ಲಿರುವ ಚುಕ್ಕೆಗಳು, ಅಂದರೆ ಪಿಕ್ಸೆಲ್‌ಗಳು, ಜಾಸ್ತಿಯಾಗುತ್ತವೆ ಅಂತೇನಿಲ್ಲ. ಅಷ್ಟೇ ಚುಕ್ಕೆಗಳು ದೊಡ್ಡ ಜಾಗಕ್ಕೆ ಹರಡಿಕೊಳ್ಳುತ್ತವೆ. ಆದ್ದರಿಂದ ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಇದೆ ಅಂತ ನೋಡಬೇಕು. 24 ಇಂಚಿನ ಫುಲ್ ಎಚ್‌ಡಿ (1920 ಅಡ್ಡ, 1080 ಉದ್ದ) ಮಾನಿಟರಿನಲ್ಲಿ ಇಂಚಿಗೆ ಸುಮಾರು 92. 27 ಇಂಚಿನ ಮಾನಿಟರ್ ಫುಲ್ ಎಚ್‌ಡಿ ಆದರೆ 82, ಅದೇ 1440 ಸಾಲುಗಳ ಕ್ಯೂಎಚ್‌ಡಿ ಆದರೆ 109, 4ಕೆ (3840 ಅಡ್ಡ, 2160 ಉದ್ದ) ಆದರೆ 163. ಈಗ ಟಿವಿಗೆ ಬನ್ನಿ. ಕಡಿಮೆ ಬೆಲೆಯ 32 ಇಂಚಿನ ಟಿವಿಗಳಲ್ಲಿ ಬಹಳಷ್ಟು 'ಎಚ್‌ಡಿ ರೆಡಿ', ಅಂದರೆ 1366 ಅಡ್ಡ, 768 ಉದ್ದ. ಲೆಕ್ಕ ಹಾಕಿದರೆ ಇಂಚಿಗೆ 49 ಪಿಕ್ಸೆಲ್. ಮಾನಿಟರಿನ ಅರ್ಧದಷ್ಟು ಮಾತ್ರ. ಇನ್ನೊಂದು ಕಡೆ 43 ಇಂಚಿನ 4ಕೆ ಟಿವಿಯಲ್ಲಿ 102 ಇದೆ, 55 ಇಂಚಿನ 4ಕೆಯಲ್ಲಿ 80. ಹಾಗಾಗಿ "ಟಿವಿಯಲ್ಲಿ ಅಕ್ಷರ ಚೆನ್ನಾಗಿ ಕಾಣಲ್ಲ" ಅನ್ನುವುದು ಎಲ್ಲ ಟಿವಿಗೂ ಹೊಂದುವ ಮಾತಲ್ಲ. ಯಾವ ಟಿವಿ ಅಂತ ಕೇಳಬೇಕು.

ಕನ್ನಡ ಓದುವವರಿಗೆ, ಟೈಪ್ ಮಾಡುವವರಿಗೆ ಈ ಲೆಕ್ಕ ಇನ್ನೂ ಮುಖ್ಯ. ಇಂಗ್ಲಿಷ್ ಅಕ್ಷರ ಒರಟು ಪರದೆಯಲ್ಲೂ ಹೇಗೋ ಓದಿಸಿಕೊಳ್ಳುತ್ತದೆ. ನಮ್ಮ ಅಕ್ಷರ ಹಾಗಲ್ಲ. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ, ಬ ಮತ್ತು ಭ ತಗೊಳ್ಳಿ. ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು ಅಷ್ಟೆ. 'ಸ್ವಾತಂತ್ರ್ಯ', 'ರಾಷ್ಟ್ರ' ಅಂತ ಬರೆದರೆ ಒಂದರ ಮಗ್ಗುಲಲ್ಲಿ ಇನ್ನೊಂದು ಒತ್ತು ಕೂರಬೇಕು, ಆ ಒತ್ತುಗಳಿಗೆ ಸಿಗುವ ಜಾಗ ಕೆಲವೇ ಪಿಕ್ಸೆಲ್. ಇಂಚಿಗೆ 49 ಇರುವ ಪರದೆಯನ್ನು ಎರಡಡಿ ದೂರದಿಂದ ನೋಡಿದರೆ ಒತ್ತುಗಳೆಲ್ಲ ಕಲಸಿಕೊಂಡು ಕಪ್ಪು ಚುಕ್ಕೆಯಂತೆ ಕಾಣುತ್ತವೆ. ಪ್ರೂಫ್ ನೋಡುವವರು 'ಧನ' ಇದೆಯೋ 'ದನ' ಇದೆಯೋ ತಿಳಿಯದೆ ಪದೇ ಪದೇ ಝೂಮ್ ಮಾಡಬೇಕಾಗುತ್ತದೆ.

ಉಳಿದ ಲೆಕ್ಕಗಳು ಸಣ್ಣವು, ಆದರೂ ಬಿಡುವಂತಿಲ್ಲ. ಮನೆಯಲ್ಲಿ ಟಿವಿ ಯಾರ ಕೈಯಲ್ಲಿರುತ್ತದೆ, ಯಾವ ಹೊತ್ತಿನಲ್ಲಿ? ಸಂಜೆ ಏಳರಿಂದ ಹತ್ತರವರೆಗೆ ಧಾರಾವಾಹಿ ನಡೆಯುವ ಮನೆಯಲ್ಲಿ ನಿಮ್ಮ ಕೆಲಸವೂ ಅದೇ ಹೊತ್ತಿಗೆ ಇದ್ದರೆ ಒಂದೇ ಪರದೆ ಸಾಲದು. ಸದ್ದು ಎಲ್ಲಿಂದ ಬರಬೇಕು? ಟಿವಿಯಲ್ಲಿ ಸ್ಪೀಕರ್ ಇರುತ್ತದೆ. ಬಹಳ ಮಾನಿಟರುಗಳಲ್ಲಿ ಇರುವುದೇ ಇಲ್ಲ, ಇದ್ದರೂ ಸಣ್ಣ ದನಿ. ಕರೆಂಟು? 24 ಇಂಚಿನ ಮಾನಿಟರ್ 20ರಿಂದ 30 ವ್ಯಾಟ್ ತಿನ್ನುತ್ತದೆ, 43 ಇಂಚಿನ ಟಿವಿ 70ರಿಂದ 100ರವರೆಗೆ. ಬಿಲ್ಲಿನಲ್ಲಿ ಇದು ದೊಡ್ಡ ವಿಷಯವಲ್ಲ, ಯುಪಿಎಸ್ ಇಟ್ಟುಕೊಂಡವರಿಗೆ ಮಾತ್ರ ದೊಡ್ಡದೇ. 600 ವಿಎ ಯುಪಿಎಸ್ ಮೇಲೆ ಕಂಪ್ಯೂಟರ್ ಜೊತೆ ಟಿವಿಯನ್ನೂ ಹಾಕಿದರೆ ಕರೆಂಟು ಹೋದಾಗ ಸಿಗುವ ಹತ್ತೋ ಹದಿನೈದೋ ನಿಮಿಷದಲ್ಲಿ ಒಂದು ಪಾಲು ಹೋಯಿತು ಅಂತಲೇ.

ಬರೀ ಮಾನಿಟರ್

ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಅಕ್ಷರ ಮತ್ತು ಅಂಕಿ ನೋಡುವವರು ನೀವಾದರೆ ಬೇರೆ ಯೋಚನೆ ಬೇಡ, ಮೊದಲು ಮಾನಿಟರ್ ತಗೊಳ್ಳಿ. ಟ್ಯಾಲಿ, ಎಕ್ಸೆಲ್, ಕೋಡಿಂಗ್, ಡಿಟಿಪಿ, ಓದು, ಬರವಣಿಗೆ ಎಲ್ಲಕ್ಕೂ ಇದೇ ಮಾತು.

24 ಇಂಚಿನ ಫುಲ್ ಎಚ್‌ಡಿ ಮಾನಿಟರ್ ಸುಮಾರು ಏಳರಿಂದ ಹತ್ತು ಸಾವಿರಕ್ಕೆ ಸಿಗುತ್ತದೆ. ಐಪಿಎಸ್ ಅನ್ನುವ ಬಗೆಯ ಪ್ಯಾನೆಲ್ ಇರಲಿ. ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ, ಇಬ್ಬರು ಕೂತು ನೋಡುವಾಗ ಇದು ತಿಳಿಯುತ್ತದೆ. ಈಗ ಈ ಬೆಲೆಗೇ 100 ಹರ್ಟ್ಜ್, ಅಂದರೆ ಸೆಕೆಂಡಿಗೆ 100 ಸಲ ಚಿತ್ರ ಬದಲಿಸುವ ಮಾನಿಟರುಗಳು ಬರುತ್ತಿವೆ. ಪುಟ ಸರಿಸುವಾಗ ಅಕ್ಷರ ಜರ್ಕ್ ಹೊಡೆಯದೆ ನುಣ್ಣಗೆ ಸರಿಯುತ್ತದೆ. ಆಟ ಆಡದವರಿಗೂ ಇದು ಹಿತ.

ಇನ್ನೂ ಐದಾರು ಸಾವಿರ ಹಾಕುವ ಶಕ್ತಿ ಇದ್ದರೆ 27 ಇಂಚಿನ ಕ್ಯೂಎಚ್‌ಡಿ ನೋಡಿ. ಎರಡು ಪುಟ ಅಕ್ಕಪಕ್ಕ ಇಟ್ಟು ಓದಬಹುದು, ಅಕ್ಷರವೂ ಚೊಕ್ಕ. ನನಗೆ ಕೇಳಿದರೆ ಬರೆಯುವವರಿಗೆ, ಲೆಕ್ಕ ಬರೆಯುವವರಿಗೆ ಇದಕ್ಕಿಂತ ಹದವಾದ ಪರದೆ ಇಲ್ಲ. 27 ಇಂಚಿನ ಫುಲ್ ಎಚ್‌ಡಿಯನ್ನು ನಾನು ಸಾಮಾನ್ಯವಾಗಿ ಬೇಡ ಅನ್ನುತ್ತೇನೆ. ಆದರೆ ಒಂದು ಕಡೆ ಅದೇ ಸರಿ: ಕಣ್ಣು ಮಂಜಾಗಿರುವ ಹಿರಿಯರಿಗೆ. ಚುಕ್ಕೆ ದೊಡ್ಡದಾದ್ದರಿಂದ ಅಕ್ಷರವೂ ತಾನಾಗಿ ದೊಡ್ಡದಾಗುತ್ತದೆ, ಯಾವ ಸೆಟ್ಟಿಂಗೂ ಮುಟ್ಟಬೇಕಾಗಿಲ್ಲ.

ಸ್ಟ್ಯಾಂಡ್ ಮೇಲೆ ಕೆಳಗೆ ಆಗುತ್ತದಾ ಅಂತ ಕೇಳಿ. ಕಡಿಮೆ ಬೆಲೆಯವುಗಳಲ್ಲಿ ಬರೀ ಹಿಂದೆ ಮುಂದೆ ವಾಲುತ್ತದೆ ಅಷ್ಟೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಬೇಕು. ಆಗದಿದ್ದರೆ ಕೆಳಗೆ ಎರಡು ದಪ್ಪ ಪುಸ್ತಕ ಇಟ್ಟರೂ ಆಯಿತು.

ಮಾನಿಟರಿನಲ್ಲಿ ಸಿಗದಿರುವುದು: ಸದ್ದು, ರಿಮೋಟು, ಮನೆಮಂದಿಯೆಲ್ಲ ಕೂತು ನೋಡುವ ಸೈಜು. ಡಿಶ್ ಟಿವಿಯ ಬಾಕ್ಸನ್ನು ಎಚ್‌ಡಿಎಂಐ (ಚಿತ್ರ, ಸದ್ದು ಎರಡನ್ನೂ ಒಯ್ಯುವ ಕೇಬಲ್) ಮೂಲಕ ಮಾನಿಟರಿಗೆ ಹಚ್ಚಬಹುದು, ಚಿತ್ರ ಬರುತ್ತದೆ. ಆದರೆ ಸ್ಪೀಕರ್ ಬೇರೆ ಬೇಕು. ಕೆಂಪು, ಬಿಳಿ, ಹಳದಿ ಪಿನ್ನಿನ ಹಳೇ ಬಾಕ್ಸ್ ಆದರೆ ನೇರವಾಗಿ ಹಚ್ಚಲು ಬರುವುದಿಲ್ಲ.

ಟಿವಿಯನ್ನೇ ಮಾನಿಟರ್ ಮಾಡಿಕೊಂಡರೆ

ಮೊದಲು ಕಡ್ಡಿ ಮುರಿದಂತೆ ಒಂದು ಮಾತು ಹೇಳಿಬಿಡುತ್ತೇನೆ. ಟೇಬಲ್ ಮೇಲೆ ಇಟ್ಟು ಕೆಲಸ ಮಾಡಲು 32 ಇಂಚಿನ ಎಚ್‌ಡಿ ರೆಡಿ ಟಿವಿ ತಗೊಳ್ಳಬೇಡಿ. ಹತ್ತು ಸಾವಿರದ ಒಳಗೆ ಎರಡೂ ಆಯಿತು ಅಂತ ಅನ್ನಿಸುತ್ತದೆ, ಆದರೆ ಓದಲು ಅದು ಒರಟು, ಹಾಲ್‌ಗೆ ಅದು ಚಿಕ್ಕದು. ಮಕ್ಕಳ ಓದಿಗೆ ಅಂತ ತಂದಿಟ್ಟರೆ ಮಕ್ಕಳ ಕಣ್ಣಿಗೇ ಕಷ್ಟ.

4ಕೆ ಟಿವಿ ಬೇರೆ ಮಾತು. 43 ಇಂಚಿನದು ಇಪ್ಪತ್ತರಿಂದ ಮೂವತ್ತು ಸಾವಿರದೊಳಗೆ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. 32 ಇಂಚಿನವರೆಗಿನ ಟಿವಿಗೆ ಮೊದಲೇ ಶೇ 18 ಇತ್ತು. ಹಾಗಾಗಿ ತೆರಿಗೆ ಉಳಿಸಲು ಚಿಕ್ಕದನ್ನೇ ತಗೋಬೇಕು ಅನ್ನುವ ಹಳೇ ಲೆಕ್ಕ ಈಗಿಲ್ಲ. ಮೂರಡಿ ದೂರ ಕೂರುವಷ್ಟು ಜಾಗ ಇದ್ದು, ಟಿವಿಯನ್ನು ಗೋಡೆಗೆ ಹಾಕಿ ಅದರ ಮುಂದೆ ಟೇಬಲ್ ಇಟ್ಟರೆ 43 ಇಂಚಿನ 4ಕೆ ಟಿವಿ ನಾಲ್ಕು ಫುಲ್ ಎಚ್‌ಡಿ ಪರದೆಗಳನ್ನು ಜೋಡಿಸಿಟ್ಟ ಹಾಗೆ. ವಿಡಿಯೊ ಎಡಿಟ್ ಮಾಡುವವರಿಗೆ, ದೊಡ್ಡ ದೊಡ್ಡ ಎಕ್ಸೆಲ್ ಶೀಟ್ ಇಟ್ಟುಕೊಳ್ಳುವವರಿಗೆ ಚೆನ್ನಾಗಿಯೇ ಒಗ್ಗುತ್ತದೆ.

ಆದರೆ ಟಿವಿಗೆ ಕೇಬಲ್ ಚುಚ್ಚಿದ ತಕ್ಷಣ ಅದು ಮಾನಿಟರ್ ಆಗುವುದಿಲ್ಲ. ಬಹಳ ಜನ "ಚೆನ್ನಾಗಿಲ್ಲ" ಅಂತ ಕೈಬಿಡುವುದು ಈ ಹಂತದಲ್ಲೇ. ಸೆಟ್ಟಿಂಗ್ಸ್ ಒಳಗೆ ಒಂದಿಷ್ಟು ಹೊತ್ತು ಕೂರಬೇಕು.

ಮೊದಲ ದೂರು, ಪರದೆಯ ಅಂಚು ಕಾಣುವುದಿಲ್ಲ. ಕೆಳಗಿನ ಟಾಸ್ಕ್‌ಬಾರ್ ಅರ್ಧ ಕತ್ತರಿಸಿ ಹೋಗಿರುತ್ತದೆ. ಟಿವಿಗಳು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ತೋರಿಸುವ ಹಳೇ ಅಭ್ಯಾಸ ಇದು. ಪಿಕ್ಚರ್ ಸೈಜ್ ಅಥವಾ ಆಸ್ಪೆಕ್ಟ್ ರೇಶಿಯೊ ಒಳಗೆ ಹೋಗಿ. ಎಲ್‌ಜಿಯಲ್ಲಿ 'ಜಸ್ಟ್ ಸ್ಕ್ಯಾನ್', ಸ್ಯಾಮ್‌ಸಂಗ್‌ನಲ್ಲಿ 'ಫಿಟ್ ಟು ಸ್ಕ್ರೀನ್', ಸೋನಿಯಲ್ಲಿ 'ಫುಲ್ ಪಿಕ್ಸೆಲ್' ಅಂತ ಇರುತ್ತದೆ. ಅದನ್ನು ಆನ್ ಮಾಡಿದರೆ ಕಂಪ್ಯೂಟರಿನ ಒಂದು ಚುಕ್ಕೆಗೆ ಟಿವಿಯ ಒಂದು ಚುಕ್ಕೆ ಸರಿಯಾಗಿ ಕೂರುತ್ತದೆ, ಅಕ್ಷರವೂ ಅರ್ಧಕ್ಕರ್ಧ ಸುಧಾರಿಸುತ್ತದೆ.

ಎರಡನೆಯದು, ಬಣ್ಣದ ಅಕ್ಷರಗಳ ಅಂಚು ಕದಡಿದಂತೆ ಕಾಣುವುದು. ನೀಲಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರ ಬರೆದು ನೋಡಿ, ತಕ್ಷಣ ಗೊತ್ತಾಗುತ್ತದೆ. ಸಿನಿಮಾಕ್ಕೆ ಬಣ್ಣದ ವಿವರ ಅಷ್ಟೊಂದು ಬೇಡ ಅಂತ ಟಿವಿ ಅದನ್ನು ಕಡಿತ ಮಾಡಿಕೊಂಡಿರುತ್ತದೆ. ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನು 'ಪಿಸಿ' ಅಂತ ಬದಲಾಯಿಸಿದರೆ ಹಲವು ಟಿವಿಗಳಲ್ಲಿ ಇದು ಸರಿಯಾಗುತ್ತದೆ. ಜೊತೆಗೆ ಆ ಪೋರ್ಟಿನ ಪೂರ್ತಿ ಸಾಮರ್ಥ್ಯ ತೆರೆಯುವ ಸೆಟ್ಟಿಂಗ್ ಬೇರೆ ಇರುತ್ತದೆ. ಸೋನಿಯಲ್ಲಿ ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್, ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯಲ್ಲಿ ಎಚ್‌ಡಿಎಂಐ ಡೀಪ್ ಕಲರ್. ಅಕ್ಷರದ ಸುತ್ತ ಬರುವ ಬಿಳಿ ಅಂಚು ಹೋಗುವವರೆಗೆ ಶಾರ್ಪ್‌ನೆಸ್ ಅನ್ನು ಇಳಿಸಿ.

ಮೂರನೆಯದು, ಮೌಸ್ ಎಳೆದರೆ ಬಾಣ ಹಿಂದೆ ಬೀಳುವುದು. ಇದಕ್ಕೆ ಎರಡು ಕಾರಣ. ಟಿವಿ ಚಿತ್ರವನ್ನು ತಿದ್ದಿ ತೀಡಿ ತೋರಿಸಲು ಸ್ವಲ್ಪ ಹೊತ್ತು ತಗೊಳ್ಳುತ್ತದೆ; 'ಗೇಮ್ ಮೋಡ್' ಹಾಕಿದರೆ ಆ ತಿದ್ದುವಿಕೆ ನಿಲ್ಲುತ್ತದೆ. ಇನ್ನೊಂದು ಕಾರಣ ಕಂಪ್ಯೂಟರ್ ಕಡೆಯದು. ಎಚ್‌ಡಿಎಂಐ 1.4 ಇರುವ ಹಳೇ ಲ್ಯಾಪ್‌ಟಾಪು 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು. 60 ಸಲ ಕಳಿಸಲು ಎಚ್‌ಡಿಎಂಐ 2.0 ಬೇಕು, 120ಕ್ಕೆ 2.1. ವಿಂಡೋಸ್‌ನಲ್ಲಿ ಅಡ್ವಾನ್ಸ್‌ಡ್ ಡಿಸ್‌ಪ್ಲೇ ತೆರೆದರೆ ಈಗ ಎಷ್ಟು ಹೋಗುತ್ತಿದೆ ಅಂತ ಕಾಣುತ್ತದೆ. 30 ಅಂತ ಇದ್ದರೆ, 4ಕೆ ಬಿಟ್ಟು ಫುಲ್ ಎಚ್‌ಡಿಗೆ ಇಳಿಯುವುದೇ ಮೇಲು.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಕಿರಿಕಿರಿ ಉಳಿಯುತ್ತವೆ. ಕಂಪ್ಯೂಟರ್ ನಿದ್ದೆಗೆ ಜಾರಿ ಎದ್ದಾಗ ಮಾನಿಟರ್ ತಾನಾಗಿ ಏಳುತ್ತದೆ. ಹೆಚ್ಚಿನ ಟಿವಿಗಳು ಏಳುವುದಿಲ್ಲ, ಪ್ರತಿ ಸಲ ರಿಮೋಟ್ ಹುಡುಕಬೇಕು. ಒಂದೊಂದು ಚುಕ್ಕೆಯೂ ತಾನೇ ಬೆಳಗುವ ಓಎಲ್‌ಇಡಿ ಟಿವಿಯನ್ನಂತೂ ದಿನವಿಡೀ ಕೆಲಸಕ್ಕೆ ಬಳಸಬೇಡಿ. ಟಾಸ್ಕ್‌ಬಾರಿನಂತೆ ಅಲುಗಾಡದೆ ನಿಂತ ಚಿತ್ರದ ಗುರುತು ಕಾಲಕ್ರಮೇಣ ಪರದೆಯಲ್ಲೇ ಉಳಿದುಬಿಡುವ ಅಪಾಯ ಅದಕ್ಕಿದೆ.

ಸ್ಮಾರ್ಟ್ ಮಾನಿಟರ್

ಟಿವಿಯ ಆ್ಯಪ್‌ಗಳು, ಸ್ಪೀಕರ್, ರಿಮೋಟು ಎಲ್ಲ ಸೇರಿಸಿ ಮಾಡಿದ ಮಾನಿಟರುಗಳು ಇವು. ಸ್ಯಾಮ್‌ಸಂಗ್ 2020ರ ಕೊನೆಯಲ್ಲಿ ತಂದಿತು, ಆಮೇಲೆ ಎಲ್‌ಜಿಯೂ ತಂದಿದೆ. ಪಿಜಿಯಲ್ಲಿ, ಒಂದೇ ರೂಮಿನ ಬಾಡಿಗೆ ಮನೆಯಲ್ಲಿ ಇರುವವರಿಗೆ ನಿಜಕ್ಕೂ ಅನುಕೂಲ. ಹಗಲು ಕೆಲಸ, ರಾತ್ರಿ ಮಂಚದಿಂದಲೇ ಸಿನಿಮಾ, ಕಂಪ್ಯೂಟರ್ ಆನ್ ಮಾಡಬೇಕಾಗಿಲ್ಲ. ಅದೇ ಸೈಜಿನ ಸಾದಾ ಮಾನಿಟರಿಗಿಂತ ಬೆಲೆ ಜಾಸ್ತಿ. 32 ಇಂಚಿನದು ತಗೊಳ್ಳುವುದಾದರೆ 4ಕೆ ಮಾದರಿಯನ್ನೇ ನೋಡಿ. ಫುಲ್ ಎಚ್‌ಡಿಯದಾದರೆ ಇಂಚಿಗೆ 69 ಪಿಕ್ಸೆಲ್ ಮಾತ್ರ. ಇಬ್ಬರು ಮೂವರು ಇರುವ ಮನೆಗೆ ಇದು ಹೊಂದುವುದಿಲ್ಲ, ಯಾಕಂದ್ರೆ ಒಬ್ಬರು ಕೆಲಸ ಮಾಡುತ್ತಿದ್ದರೆ ಇನ್ನೊಬ್ಬರಿಗೆ ಟಿವಿ ಇಲ್ಲ.

ಒಂದು ಕಂಪ್ಯೂಟರ್, ಎರಡು ಪರದೆ

ಟೇಬಲ್ ಮೇಲೆ ಮಾನಿಟರ್, ಗೋಡೆಯ ಮೇಲೆ ಟಿವಿ, ಎರಡಕ್ಕೂ ಒಂದೇ ಕಂಪ್ಯೂಟರ್. ಟಿವಿ ಆಗಲೇ ಇದ್ದರೆ ನಾನು ಹೇಳುವುದು ಇದನ್ನೇ. ಖರ್ಚು ಒಂದು ಮಾನಿಟರ್, ಒಂದು ಕೇಬಲ್ ಅಷ್ಟೆ. ಅಕ್ಷರ ಹತ್ತಿರದ ಪರದೆಗೆ, ಚಿತ್ರ ದೂರದ ಪರದೆಗೆ.

ವಿಂಡೋಸ್ ಕೀ ಜೊತೆ ಪಿ ಒತ್ತಿದರೆ ನಾಲ್ಕು ಆಯ್ಕೆ ಬರುತ್ತವೆ. ಕಂಪ್ಯೂಟರ್ ಪರದೆ ಮಾತ್ರ, ಡುಪ್ಲಿಕೇಟ್, ಎಕ್ಸ್‌ಟೆಂಡ್, ಎರಡನೇ ಪರದೆ ಮಾತ್ರ. ಡುಪ್ಲಿಕೇಟ್ ಅಂದರೆ ಎರಡರಲ್ಲೂ ಒಂದೇ ಚಿತ್ರ. ಮಗುವಿಗೆ ಪಾಠ ತೋರಿಸಲು, ಮನೆಯವರಿಗೆ ಫೋಟೊ ತೋರಿಸಲು ಸರಿ. ಆದರೆ ಎರಡೂ ಪರದೆಗೆ ಹೊಂದುವ ರೆಸಲ್ಯೂಶನ್‌ಗೆ (ಪಿಕ್ಸೆಲ್ ಲೆಕ್ಕಕ್ಕೆ) ಚಿತ್ರ ಇಳಿಯುತ್ತದೆ, ಆದ್ದರಿಂದ 4ಕೆ ಟಿವಿಯ ಸ್ಪಷ್ಟತೆ ಸಿಗುವುದಿಲ್ಲ. ಎಕ್ಸ್‌ಟೆಂಡ್ ಅಂದರೆ ಎರಡು ಪರದೆ ಸೇರಿ ಒಂದು ದೊಡ್ಡ ಜಾಗ. ಟಿವಿಯಲ್ಲಿ ಕ್ರಿಕೆಟ್ ಓಡುತ್ತಿರಲಿ, ಮಾನಿಟರಿನಲ್ಲಿ ನಿಮ್ಮ ಕೆಲಸ ನಡೆಯಲಿ. ತೆರೆದಿರುವ ಕಿಟಕಿಯನ್ನು ಒಂದರಿಂದ ಇನ್ನೊಂದಕ್ಕೆ ಕಳಿಸಲು ವಿಂಡೋಸ್, ಶಿಫ್ಟ್ ಎರಡನ್ನೂ ಹಿಡಿದು ಬಾಣದ ಕೀ ಒತ್ತಿದರೆ ಸಾಕು. ಒಂದೊಂದು ಪರದೆಗೂ ಸ್ಕೇಲ್, ಅಂದರೆ ಅಕ್ಷರ ಶೇಕಡಾ ಎಷ್ಟು ದೊಡ್ಡದಾಗಿ ಕಾಣಬೇಕು ಅನ್ನುವುದನ್ನು, ಬೇರೆ ಬೇರೆ ಇಡಬಹುದು. ಮಾನಿಟರಿಗೆ 100, ಸೋಫಾದಿಂದ ನೋಡುವ 4ಕೆ ಟಿವಿಗೆ 250 ಅಥವಾ 300 ಇಟ್ಟು ನೋಡಿ.

ಎಕ್ಸ್‌ಟೆಂಡ್‌ನಲ್ಲಿ ಒಂದು ತಲೆನೋವು ಇದೆ. ಟಿವಿ ಆಫ್ ಮಾಡಿದರೂ ಕಂಪ್ಯೂಟರಿಗೆ ಅದು ಇನ್ನೂ ಇದೆ ಅಂತಲೇ ಕಾಣುವುದುಂಟು. ಆಗ ಮೌಸಿನ ಬಾಣ ಪರದೆ ದಾಟಿ ಕಾಣೆಯಾಗುತ್ತದೆ, ಫೈಲ್ ತೆರೆದರೆ ಕತ್ತಲಾದ ಟಿವಿಯಲ್ಲಿ ತೆರೆದುಕೊಳ್ಳುತ್ತದೆ. ಟಿವಿ ಆಫ್ ಮಾಡುವಾಗ ವಿಂಡೋಸ್ ಮತ್ತು ಪಿ ಒತ್ತಿ ಒಂದೇ ಪರದೆಗೆ ಬಂದುಬಿಡಿ. ಸದ್ದಿನದೂ ಹೀಗೇ. ಎಚ್‌ಡಿಎಂಐಯಲ್ಲಿ ಸದ್ದೂ ಹೋಗುತ್ತದೆ. ಟಿವಿ ಹಚ್ಚಿದೊಡನೆ ನಿಮ್ಮ ಸ್ಪೀಕರ್ ಸುಮ್ನಾದರೆ ಗಾಬರಿ ಬೇಡ, ಕೆಳಗಿನ ಸ್ಪೀಕರ್ ಗುರುತು ಒತ್ತಿ ಯಾವುದರಿಂದ ಸದ್ದು ಬರಬೇಕು ಅಂತ ಆರಿಸಿ.

ಕೇಬಲ್ಲಿನ ಉದ್ದ ನೋಡಿಕೊಳ್ಳಿ. ಮಾಮೂಲಿ ತಾಮ್ರದ ಎಚ್‌ಡಿಎಂಐ ಕೇಬಲ್ 4ಕೆ 60 ಹರ್ಟ್ಜ್‌ಗೆ ಐದು ಮೀಟರ್ ತನಕ ನಂಬಬಹುದು. ಅದಕ್ಕಿಂತ ಉದ್ದವಾದರೆ ಚಿತ್ರ ಮಿನುಗುವುದು, ಆಗಾಗ ಕಪ್ಪಾಗುವುದು ಶುರುವಾಗುತ್ತದೆ. ರೂಮಿನಿಂದ ಹಾಲ್‌ಗೆ ಹತ್ತು ಮೀಟರ್ ಎಳೆಯಬೇಕಾದರೆ ಫೈಬರ್ ಎಚ್‌ಡಿಎಂಐ ಕೇಬಲ್ ತಗೊಳ್ಳಿ, ಬೆಲೆ ಜಾಸ್ತಿ. ಅದರ ಒಂದು ತುದಿಯಲ್ಲಿ 'ಸೋರ್ಸ್' ಅಂತಲೂ ಇನ್ನೊಂದರಲ್ಲಿ 'ಡಿಸ್‌ಪ್ಲೇ' ಅಂತಲೂ ಇರುತ್ತದೆ, ತಿರುಗಾಮುರುಗಾ ಹಾಕಿದರೆ ಚಿತ್ರ ಬರುವುದಿಲ್ಲ. ಗೋಡೆಯೊಳಗೆ ಹಾಕಿಸುವ ಮೊದಲು ನೆಲದ ಮೇಲೆ ಹರಡಿ, ಹಚ್ಚಿ, ಒಂದು ಪೂರ್ತಿ ದಿನ ನೋಡಿ. ಪೈಪಿನಲ್ಲಿ ಪ್ಲಗ್ಗಿನ ತಲೆ ತೂರುತ್ತದಾ ಅಂತಲೂ ಎಲೆಕ್ಟ್ರಿಷಿಯನ್ ಬಳಿ ಮೊದಲೇ ಕೇಳಿ.

ಕೇಬಲ್ಲೇ ಬೇಡ ಅನ್ನುವವರು ವಿಂಡೋಸ್ ಮತ್ತು ಕೆ ಒತ್ತಿ ವೈರ್‌ಲೆಸ್‌ನಲ್ಲಿ ಟಿವಿಗೆ ಕಳಿಸಬಹುದು. ಫೋಟೊ, ಪಿಪಿಟಿ, ಯಾವಾಗಲೋ ಒಂದು ವಿಡಿಯೊಗೆ ಸಾಕು. ಟೈಪ್ ಮಾಡಲು, ಆಟ ಆಡಲು ಆಗದು, ಒತ್ತಿದ ಅಕ್ಷರ ಸ್ವಲ್ಪ ತಡವಾಗಿ ಕಾಣುತ್ತದೆ. ಇನ್ನು ನಿಮಗೆ ಬೇಕಿರುವುದು ಬರೀ ಯೂಟ್ಯೂಬು, ಓಟಿಟಿ ಆದರೆ, ಟಿವಿ ಸ್ಮಾರ್ಟ್ ಆಗಿದ್ದರೆ, ಕಂಪ್ಯೂಟರನ್ನು ಅದಕ್ಕೆ ಹಚ್ಚುವ ಅಗತ್ಯವೇ ಇಲ್ಲ. ಟಿವಿಯ ಆ್ಯಪ್‌ನಲ್ಲೇ ನೋಡಿ.

ಪೋರ್ಟ್ ಎಣಿಸದೆ ಮುಂದೆ ಹೋಗಬೇಡಿ

ಡೆಸ್ಕ್‌ಟಾಪಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎರಡೂ ಪರದೆಯನ್ನು ಕಾರ್ಡಿಗೇ ಹಚ್ಚಬೇಕು. ಮದರ್‌ಬೋರ್ಡಿನಲ್ಲೂ ಒಂದು ಎಚ್‌ಡಿಎಂಐ ಕಾಣುತ್ತದೆ, ಅಲ್ಲಿಗೆ ಚುಚ್ಚಿ "ಪರದೆ ಬರ್ತಾ ಇಲ್ಲ" ಅನ್ನುವವರು ಬಹಳ. ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಪ್ರೊಸೆಸರ್ ಆದರೆ ಅದರೊಳಗೆ ಗ್ರಾಫಿಕ್ಸೇ ಇರುವುದಿಲ್ಲ, ಆ ಮದರ್‌ಬೋರ್ಡ್ ಪೋರ್ಟ್ ಕೆಲಸ ಮಾಡುವುದಿಲ್ಲ. ಕಾರ್ಡಿನಲ್ಲಿ ಒಂದು ಎಚ್‌ಡಿಎಂಐ, ಉಳಿದದ್ದೆಲ್ಲ ಡಿಸ್‌ಪ್ಲೇಪೋರ್ಟ್ (ಚಿತ್ರ ಕಳಿಸುವ ಇನ್ನೊಂದು ಬಗೆಯ ಪೋರ್ಟ್) ಇರುವುದು ಸಾಮಾನ್ಯ. ಹಾಗಿದ್ದರೆ ಎಚ್‌ಡಿಎಂಐಯನ್ನು ಟಿವಿಗೆ ಬಿಟ್ಟುಕೊಡಿ, ಮಾನಿಟರಿಗೆ ಡಿಸ್‌ಪ್ಲೇಪೋರ್ಟ್ ಹಾಕಿ. ಟಿವಿಯಲ್ಲಿ ಡಿಸ್‌ಪ್ಲೇಪೋರ್ಟ್ ಇರುವುದು ತೀರಾ ಅಪರೂಪ.

ಲ್ಯಾಪ್‌ಟಾಪಿನ ಟೈಪ್ ಸಿ ಪೋರ್ಟ್ ಎಲ್ಲವೂ ಚಿತ್ರ ಕಳಿಸುವುದಿಲ್ಲ, ಕೆಲವು ಬರೀ ಚಾರ್ಜಿಗೆ, ಫೈಲ್ ಕಳಿಸಲು. ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಮಾದರಿಯ ವಿವರ ಓದಿ. ಚಿತ್ರ ಕಳಿಸುವಂಥದ್ದಾದರೆ ಟೈಪ್ ಸಿ ಇರುವ ಮಾನಿಟರ್ ತಗೊಳ್ಳಬಹುದು, ಒಂದೇ ಕೇಬಲ್ಲಿನಲ್ಲಿ ಚಿತ್ರವೂ ಹೋಗುತ್ತದೆ, ಲ್ಯಾಪ್‌ಟಾಪೂ ಚಾರ್ಜ್ ಆಗುತ್ತದೆ. ಮ್ಯಾಕ್‌ಬುಕ್ ಏರ್ ಇರುವವರಿಗೆ ಒಂದು ಎಚ್ಚರಿಕೆ. ಎಂ1, ಎಂ2 ಚಿಪ್ಪಿನ ಮಾದರಿಗಳು ಹೊರಗಿನ ಒಂದು ಪರದೆಯನ್ನಷ್ಟೇ ನಡೆಸುತ್ತವೆ. ಎಂ3ಯಲ್ಲಿ ಮುಚ್ಚಳ ಮುಚ್ಚಿದರೆ ಎರಡು, ಎಂ4ನಲ್ಲಿ ತೆರೆದಿದ್ದರೂ ಎರಡು. ಮಾನಿಟರ್, ಟಿವಿ ಎರಡೂ ಬೇಕು ಅಂತ ಹಳೆಯ ಏರ್ ಇಟ್ಟುಕೊಂಡು ಮಾನಿಟರ್ ಕೊಂಡರೆ ಒಂದನ್ನು ಕಿತ್ತು ಇನ್ನೊಂದನ್ನು ಹಚ್ಚುತ್ತಾ ಇರಬೇಕು.

ಯಾರಿಗೆ ಯಾವುದು

ಹತ್ತು ಸಾವಿರದೊಳಗೆ ಮುಗಿಯಬೇಕು, ಮನೆಯಲ್ಲಿ ಓದುವ ಮಕ್ಕಳಿದ್ದಾರೆ: 24 ಇಂಚಿನ ಐಪಿಎಸ್ ಮಾನಿಟರ್, ಉಳಿದ ದುಡ್ಡಿಗೆ ಒಂದು ಜೊತೆ ಸಣ್ಣ ಸ್ಪೀಕರ್. ಟಿವಿ ಇದ್ದರೆ ಆಗಾಗ ಪಾಠ ತೋರಿಸಲು ಕೇಬಲ್ ಸಾಕು. ಒಂದು ಮಾತು ಮಾತ್ರ: ಆನ್‌ಲೈನ್ ಕ್ಲಾಸನ್ನು ಟಿವಿಯಲ್ಲಿ ಹಾಕಿದರೆ ಕ್ಯಾಮೆರಾ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ, ಮಗು ಟಿವಿ ನೋಡುತ್ತಿದ್ದರೆ ಮೇಷ್ಟ್ರಿಗೆ ಕಾಣುವುದು ಕೆನ್ನೆ ಮಾತ್ರ. ಲ್ಯಾಪ್‌ಟಾಪನ್ನು ಟಿವಿಯ ಕೆಳಗೇ ಇಡಿ.

ಮನೆಯಿಂದಲೇ ಆಫೀಸು ಕೆಲಸ, ಅಥವಾ ಅಂಗಡಿಯ ಲೆಕ್ಕ: 27 ಇಂಚಿನ ಕ್ಯೂಎಚ್‌ಡಿ. ಟಿವಿಯ ಯೋಚನೆಯನ್ನು ಇದರ ಜೊತೆ ಸೇರಿಸಲೇಬೇಡಿ, ಕೆಲಸದ ಪರದೆ ಕೆಲಸಕ್ಕೇ ಇರಲಿ.

ಟಿವಿಯೂ ಇಲ್ಲ, ಮಾನಿಟರೂ ಇಲ್ಲ, ಕೈಯಲ್ಲಿ ಮೂವತ್ತೈದು ಸಾವಿರ ಇದೆ ಅನ್ನುವ ಕುಟುಂಬ: 43 ಇಂಚಿನ 4ಕೆ ಟಿವಿ ಹಾಲ್‌ಗೆ, 24 ಇಂಚಿನ ಮಾನಿಟರ್ ಟೇಬಲ್ಲಿಗೆ. ಈ ದುಡ್ಡನ್ನೆಲ್ಲ ಒಂದೇ ದೊಡ್ಡ ಟಿವಿಗೆ ಹಾಕುವುದಕ್ಕಿಂತ ಇದು ಮೇಲು.

ಆಟ ಆಡುವವರದ್ದು ಎರಡು ಗುಂಪು. ಮೌಸ್ ಹಿಡಿದು ಗುರಿಯಿಟ್ಟು ಆಡುವವರಿಗೆ 144 ಹರ್ಟ್ಜ್ ಅಥವಾ ಅದಕ್ಕಿಂತ ಮೇಲಿನ ಮಾನಿಟರೇ ಬೇಕು. ಕಂಟ್ರೋಲರ್ ಹಿಡಿದು ಸೋಫಾದಲ್ಲಿ ಒರಗಿ ಆಡುವವರಿಗೆ ಗೇಮ್ ಮೋಡ್ ಇರುವ ಟಿವಿಯಲ್ಲೇ ಖುಷಿ ಜಾಸ್ತಿ.

ಅಂಗಡಿಯಲ್ಲಿ

ಕಂಪ್ಯೂಟರ್ ಅಂಗಡಿಗಳೇ ತುಂಬಿರುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ, ನಿಮ್ಮೂರಿನ ಅಂಗಡಿಗೇ ಹೋಗಿ, ಸಾಧ್ಯವಾದರೆ ನಿಮ್ಮ ಲ್ಯಾಪ್‌ಟಾಪನ್ನೇ ಕೈಯಲ್ಲಿ ಒಯ್ಯಿರಿ. ಅಂಗಡಿಯವರು ಹಾಕಿರುವ ಬಣ್ಣಬಣ್ಣದ ಹೂವಿನ ವಿಡಿಯೊದಲ್ಲಿ ಎಲ್ಲ ಪರದೆಯೂ ಚೆನ್ನಾಗಿಯೇ ಕಾಣುತ್ತದೆ. ಅದನ್ನು ನಿಲ್ಲಿಸಿ ಒಂದು ಕನ್ನಡ ಪತ್ರಿಕೆಯ ಪುಟ ತೆರೆಯಿರಿ, ಬ್ರೌಸರ್ ಝೂಮ್ 100ರಲ್ಲೇ ಇರಲಿ. ನೋಟ್‌ಪ್ಯಾಡಿನಲ್ಲಿ ದ ಧ ಡ ಢ ಪ ಫ ಬ ಭ ಅಂತ ಬರೆಯಿರಿ, ಕೆಳಗೆ 'ಸ್ವಾತಂತ್ರ್ಯ' ಬರೆಯಿರಿ. ನೀವು ಮನೆಯಲ್ಲಿ ಅಳೆದಿಟ್ಟುಕೊಂಡ ದೂರದಲ್ಲಿ ನಿಂತು, ಕಣ್ಣು ಕಿರಿದು ಮಾಡದೆ ಓದಲು ಬಂದರೆ ಆ ಪರದೆ ನಿಮಗೆ ಆಗುತ್ತದೆ. ಆಮೇಲೆ ಪರದೆ ತುಂಬ ಬರೀ ಬಿಳಿ, ಬರೀ ಕಪ್ಪು ಚಿತ್ರ ಹಾಕಿ, ಸತ್ತ ಪಿಕ್ಸೆಲ್, ಅಂದರೆ ಕೆಟ್ಟುನಿಂತ ಚುಕ್ಕೆ, ಇದೆಯಾ ನೋಡಿ. ಎಷ್ಟು ಪಿಕ್ಸೆಲ್ ಸತ್ತರೆ ಬದಲಾಯಿಸಿ ಕೊಡುತ್ತಾರೆ, ಎಷ್ಟು ದಿನದೊಳಗೆ ತರಬೇಕು ಅನ್ನುವುದನ್ನು ಬಿಲ್ಲಿನ ಹಿಂದೆ ಬರೆಸಿಕೊಂಡು ಬನ್ನಿ.